ಎದುರಾಳಿಯ ಅಂಗಳಕ್ಕೆ ಹೋಗಬೇಕಾದ ಶನಿವಾರ

ಷಿಕಾಗೋದಲ್ಲಿ ಚಳಿ ಕಾಲಿಟ್ಟಿತೆಂದರೆ ನಮ್ಮ ಕನ್ನಡ ಕೂಟದ ಕೆಲವು ಸದಸ್ಯರ ಶನಿವಾರಗಳು ಚರ್ಚ್ ಶಾಲೆಗಳ ಜಿಮ್‌ಗಳಲ್ಲೇ ಕಳೆಯುತ್ತವೆ. ಮಡಚುವ ಕುರ್ಚಿಯಲ್ಲಿ ತೊಡೆಯ ಮೇಲೆ ಕೋಟು ಹೊದ್ದುಕೊಂಡು ಮಗಳ ಬಾಸ್ಕೆಟ್‌ಬಾಲ್ ನೋಡುವ ಅಪ್ಪಂದಿರಿಗೆ ಈ ಆಟಗಳ ಹಿಂದಿನ ಚರಿತ್ರೆ ತಿಳಿದಿರಲಾರದು.

1919ರ ಜುಲೈನಲ್ಲಿ ಇದೇ ಊರಿನ ಸರೋವರದಲ್ಲಿ, ಬಿಳಿಯರು ತಮ್ಮದೆಂದುಕೊಂಡಿದ್ದ ದಂಡೆಯತ್ತ ತೇಲಿಹೋದ 17 ವರ್ಷದ ಆಫ್ರಿಕನ್ ಅಮೆರಿಕನ್ ಹುಡುಗ ಯೂಜೀನ್ ವಿಲಿಯಮ್ಸ್ ಕಲ್ಲೆಸೆತಕ್ಕೆ ಸಿಕ್ಕಿ ಮುಳುಗಿ ಸತ್ತ. ಅದರಿಂದ ಹೊತ್ತಿಕೊಂಡ ಗಲಭೆಯಲ್ಲಿ 38 ಜನ ಪ್ರಾಣ ಕಳೆದುಕೊಂಡರು. ಕ್ಯಾಥೊಲಿಕರೂ ಐರಿಷ್, ಪೋಲಿಷ್, ಇಟಾಲಿಯನ್ ಎಂದು ತಂತಮ್ಮ ಧರ್ಮಕೇಂದ್ರಗಳಲ್ಲಿ, ಅಂದರೆ ಬಡಾವಣೆಗೊಂದರಂತಿದ್ದ ಚರ್ಚ್‌ಗಳಲ್ಲಿ, ಬೇರೆ ಬೇರೆಯಾಗಿಯೇ ಇದ್ದರು. ಇಂಥ ಊರಿನಲ್ಲಿ ಸಹಾಯಕ ಧರ್ಮಾಧ್ಯಕ್ಷ (ಬಿಷಪ್) ಬರ್ನಾರ್ಡ್ ಷೀಲ್ 1930ರಲ್ಲಿ ಕ್ಯಾಥೊಲಿಕ್ ಯೂತ್ ಆರ್ಗನೈಸೇಷನ್ ಎಂಬ ಯುವಜನರ ಸಂಘ ಕಟ್ಟಿದರು. ಜೈಲಿನಲ್ಲಿ ಧರ್ಮಗುರುವಾಗಿ ಎಳೆಯ ಕೈದಿಗಳನ್ನು ಹತ್ತಿರದಿಂದ ಕಂಡಿದ್ದ ಅವರು, ಬೀದಿಯ ಹುಡುಗರನ್ನು ಸೆಳೆಯಲು ಪ್ರವಚನಕ್ಕಿಂತ ಮುಷ್ಟಿಯುದ್ಧವೇ ಮೇಲೆಂದು ನಂಬಿ, ಅಖಾಡವನ್ನು ಆಫ್ರಿಕನ್ ಅಮೆರಿಕನ್ನರಿಗೂ ಯೆಹೂದ್ಯರಿಗೂ ಪ್ರಾಟೆಸ್ಟಂಟರಿಗೂ ತೆರೆದಿಟ್ಟರು. ಬಿಷಪ್ಪರು ಹುಡುಗರ ಕೈಗೆ ಗ್ಲೌಸ್ ಕೊಡುವುದೇನು ಎಂದು ಹುಬ್ಬೇರಿಸಿದವರೂ ಇದ್ದಿರಬೇಕು.

ಆದರೆ ಗೋಡೆಗಳನ್ನು ಅಲುಗಾಡಿಸಿದ್ದು ಸದ್ಭಾವನೆಯ ಮಾತುಗಳಿಗಿಂತ ಹೆಚ್ಚಾಗಿ ಚರ್ಚ್ ತಂಡಗಳ ಪಂದ್ಯಗಳ ವೇಳಾಪಟ್ಟಿ ಎಂಬುದು ನನ್ನ ಎಣಿಕೆ. ಈ ವಾರ ಅವರು ನಮ್ಮಲ್ಲಿಗೆ, ಮುಂದಿನ ವಾರ ನಾವು ಅವರಲ್ಲಿಗೆ: ಅಪ್ಪ ಅಮ್ಮ ಎಂದೂ ಕಾಲಿಡದ ಬೀದಿಗೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಲೇಬೇಕು, ಅಲ್ಲಿಯವರ ಪಕ್ಕದಲ್ಲೇ ಕೂರಬೇಕು. ಈ ಹೋಗಿಬರುವುದು ಎಷ್ಟು ಕಷ್ಟವೆಂಬುದು 2001ರಲ್ಲಿ ಬಯಲಾಯಿತು. ದಕ್ಷಿಣ ಷಿಕಾಗೋದ ಕ್ಯಾಥೊಲಿಕ್ ಶಾಲೆಗಳ ಕ್ರೀಡಾ ಒಕ್ಕೂಟ, ಬಹುತೇಕ ಆಫ್ರಿಕನ್ ಅಮೆರಿಕನ್ನರೇ ಇರುವ ಸೇಂಟ್ ಸಬೀನಾ ಧರ್ಮಕೇಂದ್ರವನ್ನು ಸೇರಿಸಿಕೊಳ್ಳಲು ಮೊದಲು ಒಪ್ಪಲಿಲ್ಲ. ಆ ಬಡಾವಣೆಗೆ ಮಕ್ಕಳನ್ನು ಕಳಿಸುವುದು ಸುರಕ್ಷಿತವಲ್ಲ ಎಂಬುದು ಅವರು ಕೊಟ್ಟ ಕಾರಣ. ಆಗ ಷಿಕಾಗೋದ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಫ್ರಾನ್ಸಿಸ್ ಜಾರ್ಜ್ ಮಧ್ಯೆ ಬಂದ ಮೇಲಷ್ಟೇ ಬಾಗಿಲು ತೆರೆಯಿತು. ಷೀಲ್ ಅಖಾಡ ತೆರೆದು ಆಗಲೇ 70 ವರ್ಷ ಕಳೆದಿತ್ತು.

ಆ ಶಾಲೆಗಳವರನ್ನು ಆಡಿಕೊಳ್ಳುವ ಮೊದಲು ನಮ್ಮ ಕೂಟದ ವಾಲಿಬಾಲ್ ತಂಡಗಳ ಪಟ್ಟಿ ತೆಗೆದು ನೋಡಿದೆ. ಒಂದೇ ಊರಿನವರು, ಒಂದೇ ಕಂಪನಿಯವರು, ಉಳಿದದ್ದು ಹೇಳದಿದ್ದರೂ ನಿಮಗೆ ಗೊತ್ತು. ಈ ಬೇಸಿಗೆಯಲ್ಲಿ ಚೀಟಿ ಎತ್ತಿ ತಂಡ ಮಾಡೋಣವೆಂದು ಸಮಿತಿಯ ಮುಂದೆ ಸೂಚನೆ ಇಟ್ಟಿದ್ದೇನೆ. ಅನುಮೋದಿಸುವವರು ಇನ್ನೂ ಸಿಕ್ಕಿಲ್ಲ.