ಸರ್ಕಾರದ ಹಣ ಯಾರ ಕಂಪನಿಗೆ ಸೇರಿತು, ಲೆಕ್ಕ ಕೊಡಿಸಿ: ಉದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉದ್ಯಮ ಸಚಿವರಿಗೆ,

ನಮಸ್ಕಾರಗಳು. ಹೊಸ ಕಂಪನಿಗಳಲ್ಲಿ ಹಣ ಹೂಡುವ ಸಾಹಸ ಬಂಡವಾಳ ನಿಧಿಗಳಲ್ಲಿ ಸರ್ಕಾರದ ಹಣವೂ ಇರುತ್ತದೆ, ಹಣ ಕೊಡುವಾಗ ಷರತ್ತು ವಿಧಿಸುವ ಅಧಿಕಾರವೂ ತಮಗಿದೆ ಎಂಬುದನ್ನು ನಾನು ತಮಗೆ ವಿವರಿಸಬೇಕಾಗಿಲ್ಲ. ಆ ಅಧಿಕಾರ ಬಳಸಿ ಒಂದೇ ಒಂದು ಕೆಲಸ ಮಾಡಿಕೊಡಿ. ಮಹಿಳೆಯರು ಸ್ಥಾಪಿಸಿದ ಎಷ್ಟು ಕಂಪನಿಗಳು ಬಂಡವಾಳ ಕೇಳಿ ಬಂದವು, ಎಷ್ಟಕ್ಕೆ ಸಿಕ್ಕಿತು, ಒಟ್ಟು ಮೊತ್ತವೆಷ್ಟು ಎಂಬ ಲೆಕ್ಕವನ್ನು ಸರ್ಕಾರದ ಹಣ ಪಡೆದ ಪ್ರತಿಯೊಂದು ನಿಧಿಯೂ ವರ್ಷಕ್ಕೊಮ್ಮೆ ಪ್ರಕಟಿಸಲಿ.

ನಾಲ್ಕು ವರ್ಷಗಳಿಂದ ಈ ಪತ್ರ ಬರೆಯದೆ ತಡೆದುಕೊಂಡಿದ್ದೆ. ಬರೆದರೆ ಮುಂದೆ ಯಾವ ಹೂಡಿಕೆದಾರರೂ ಒಳಗೆ ಬಿಟ್ಟುಕೊಳ್ಳಲಾರರು ಎಂಬ ಭಯವಿತ್ತು. ಕಳೆದ ತಿಂಗಳು ಹೂಡಿಕೆದಾರರೊಂದಿಗೆ ನಡೆದ ಒಂದು ಸಭೆಯ ನಂತರ ಆ ಭಯ ಉಳಿದಿಲ್ಲ.

ಯಂತ್ರದ ಮೋಟರು ಕೆಡುವ ಮೊದಲೇ ಅದರ ಕಂಪನದಿಂದ ದೋಷ ಗುರುತಿಸುವ ತಂತ್ರಾಂಶ ನಮ್ಮದು. ಅದರ ಕೋಡ್ ಬರೆದವಳು ನಾನು. ಸಭೆಯಲ್ಲಿ ಲ್ಯಾಪ್‌ಟಾಪ್ ಜೋಡಿಸಿಕೊಡಲೆಂದು, ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದ ಯುವ ಇಂಜಿನಿಯರ್ ಒಬ್ಬರನ್ನು ಕರೆದೊಯ್ದಿದ್ದೆ. ತಂತ್ರಾಂಶದ ಬಗೆಗಿನ ಪ್ರಶ್ನೆಗಳೆಲ್ಲ ಅವರಿಗೇ ಹೋದವು. ಪಾಪ, ಆ ಹುಡುಗ ಪ್ರತಿ ಸಲವೂ ನನ್ನತ್ತ ತಿರುಗಿ “ಅದನ್ನು ಮೇಡಂ ಹೇಳುತ್ತಾರೆ” ಎನ್ನುತ್ತಿದ್ದರು. ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಮತ್ತೆ ಅವರ ಕಡೆಗೇ ಹೋಗುತ್ತಿತ್ತು. ಮುಂದಿನ ಮೂರು ವರ್ಷಗಳ ಮಾರಾಟದ ಅಂದಾಜಿದ್ದ ಸ್ಲೈಡ್ ಪರದೆಯ ಮೇಲಿದ್ದಾಗ ನನಗೆಂದೇ ಬಂದ ಪ್ರಶ್ನೆ ಒಂದೇ: “ನಾಳೆ ಮಕ್ಕಳಾದರೆ ಕಂಪನಿಯನ್ನು ಯಾರು ನೋಡಿಕೊಳ್ಳುತ್ತಾರೆ?” ಆ ಸ್ಲೈಡಿನ ಅಂಕಿಗಳಿಗಾಗಿ ನಾನು ಎರಡು ವಾರ ನಿದ್ದೆಗೆಟ್ಟಿದ್ದೆ. ಅವುಗಳ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ.

ಇದು ನನ್ನೊಬ್ಬಳ ದುರದೃಷ್ಟವಾಗಿದ್ದರೆ ತಮ್ಮ ಸಮಯ ಕೇಳುತ್ತಿರಲಿಲ್ಲ. ನ್ಯೂಯಾರ್ಕ್‌ನ ಸ್ಟಾರ್ಟಪ್ ಸ್ಪರ್ಧೆಯೊಂದರ ಪ್ರಶ್ನೋತ್ತರಗಳನ್ನು ವಿಶ್ಲೇಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪುರುಷರಿಗೆ ಕೇಳಿದ ಪ್ರಶ್ನೆಗಳಲ್ಲಿ ಶೇ. 67ರಷ್ಟು ಬೆಳವಣಿಗೆಯನ್ನು ಕುರಿತವು, ಮಹಿಳೆಯರಿಗೆ ಕೇಳಿದವುಗಳಲ್ಲಿ ಶೇ. 66ರಷ್ಟು ನಷ್ಟ ತಪ್ಪಿಸುವುದನ್ನು ಕುರಿತವು. ಹೂಡಿಕೆದಾರರು ಹೆಂಗಸರಾಗಿದ್ದರೂ ಪ್ರಶ್ನೆಗಳ ಧಾಟಿ ಬದಲಾಗಲಿಲ್ಲ. ಆದ್ದರಿಂದಲೇ ಆಯ್ಕೆ ಸಮಿತಿಗೆ ಒಬ್ಬ ಮಹಿಳೆಯನ್ನು ಸೇರಿಸಿದೆವು ಎಂಬ ಸಮಾಧಾನದ ಮಾತು ನಮಗೆ ಸಾಲದು. ನಷ್ಟದ ಪ್ರಶ್ನೆಗೆ ನಷ್ಟದ ಉತ್ತರವನ್ನೇ ಕೊಡಬೇಕಾಗುತ್ತದೆ, ಆಮೇಲೆ “ಇವರಿಗೆ ದೊಡ್ಡ ಕನಸಿಲ್ಲ” ಎಂಬ ಷರಾ ಬೀಳುತ್ತದೆ. ಅದನ್ನು ನಾನು ಎರಡು ತಿರಸ್ಕಾರ ಪತ್ರಗಳಲ್ಲಿ ಓದಿದ್ದೇನೆ.

ಮಹಿಳೆಯರ ಕಂಪನಿಗಳಲ್ಲಿ ಮಾಡಿದ ಹೂಡಿಕೆಗೆ ಪ್ರತಿಫಲ ಬರುವುದಿಲ್ಲ ಎಂದು ಯಾರಾದರೂ ತಮಗೆ ಹೇಳಿದರೆ, ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನು ದಯವಿಟ್ಟು ತರಿಸಿ ನೋಡಿ. ಅದರಲ್ಲಿ ಮಹಿಳೆಯರ ಕಂಪನಿಗಳಿಗೆ ಸಿಕ್ಕ ಸರಾಸರಿ ಹೂಡಿಕೆ ಪುರುಷರ ಕಂಪನಿಗಳಿಗೆ ಸಿಕ್ಕಿದ್ದರ ಅರ್ಧಕ್ಕಿಂತ ಕಡಿಮೆ. ಆದರೂ ಹೂಡಿದ ಪ್ರತಿ ಡಾಲರಿಗೆ ಮಹಿಳೆಯರ ಕಂಪನಿಗಳು 78 ಸೆಂಟ್ ವರಮಾನ ಗಳಿಸಿದ್ದವು, ಪುರುಷರವು 31 ಸೆಂಟ್. ಇಷ್ಟಾದರೂ ಬಂಡವಾಳ ನಮ್ಮ ಕಡೆ ಹರಿಯುವುದಿಲ್ಲವೆಂದರೆ ತಪ್ಪು ನಮ್ಮ ಲೆಕ್ಕಪತ್ರದಲ್ಲಿಲ್ಲ, ಸ್ವಾಮಿ.

ಮಹಿಳಾ ದಿನದಂದು ಸನ್ಮಾನಕ್ಕೆ ಕರೆಯುತ್ತಾರೆ, ತರಬೇತಿ ಶಿಬಿರಕ್ಕೆ ಕರೆಯುತ್ತಾರೆ, ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಎಂದು ಉಪದೇಶಿಸುತ್ತಾರೆ. ಅವೆಲ್ಲ ಕೇಳಿ ಕೇಳಿ ಸಾಕಾಗಿದೆ. ನಮಗೆ ಬೇಕಿರುವುದು ಲೆಕ್ಕ. ಕ್ಯಾಲಿಫೋರ್ನಿಯಾ ರಾಜ್ಯವು, ಬಂಡವಾಳ ಪಡೆದ ಕಂಪನಿಗಳ ಸ್ಥಾಪಕರು ಯಾರೆಂಬ ವಿವರವನ್ನು ಹೂಡಿಕೆ ಸಂಸ್ಥೆಗಳು ವರ್ಷವರ್ಷವೂ ಸಲ್ಲಿಸಬೇಕೆಂದು 2023ರಲ್ಲೇ ಕಾನೂನು ಮಾಡಿದೆ. ತಾವು ಹೊಸ ಕಾನೂನಿಗಾಗಿ ಕಾಯಬೇಕಾಗಿಯೂ ಇಲ್ಲ, ಹಣ ಬಿಡುಗಡೆಯ ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು.

ಮುಂದಿನ ಕಂತು ಬಿಡುಗಡೆ ಮಾಡುವ ಮೊದಲು ಆ ಷರತ್ತು ಸೇರಿಸಿ, ಮೊದಲ ವರ್ಷದ ಲೆಕ್ಕವನ್ನು ಸಾರ್ವಜನಿಕರ ಮುಂದಿಡಿ.

ಇಂತಿ ತಮ್ಮ ವಿಶ್ವಾಸಿ,
ತಂತ್ರಾಂಶ ಕಂಪನಿಯೊಂದರ ಸ್ಥಾಪಕಿ