ತುರಿಮಣೆಯ ಲೆಕ್ಕ

ಸಂಪಾದಕರಿಗೆ ನಮಸ್ಕಾರ,

ಕೆಲಸ ಹುಡುಕುವ ಬದಲು ಸ್ವಂತ ಉತ್ಪನ್ನ ತಯಾರಿಸಿ ಎಂದು ಯುವಕರಿಗೆ ಹೇಳುವ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಖುಷಿಯಾಯಿತು. ಆದರೆ ಲೇಖನ ತ್ರೀಡಿ ಪ್ರಿಂಟರ್‌ನಲ್ಲಿ ಮೊದಲ ಮಾದರಿ ಮಾಡುವ ಹಂತಕ್ಕೆ ಬಂದು ನಿಂತುಬಿಟ್ಟಿದೆ. ನಿಜವಾದ ಖರ್ಚು, ನಿಜವಾದ ತಲೆನೋವು ಶುರುವಾಗುವುದೇ ಅಲ್ಲಿಂದ ಆಚೆಗೆ. ಕಾಯಿ ತುರಿಯುವ ತುರಿಮಣೆ ಮಾಡಲು ಹೋಗಿ ಆ ದಾರಿಯಲ್ಲಿ ಒಮ್ಮೆ ಎಡವಿ ಬಿದ್ದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಎರಡು ಲೇತ್, ಎರಡು ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ), ಆರು ಜನ. ಇಪ್ಪತ್ತು ವರ್ಷ ಬೇರೆ ಕಂಪನಿಗಳಿಗೆ ಬರೀ ಜಾಬ್ ವರ್ಕ್ ಮಾಡಿದೆ. ಡ್ರಾಯಿಂಗ್ ಅವರದು, ಮೆಟೀರಿಯಲ್ ಅವರದು, ಬೆವರು ನಮ್ಮದು. ವರ್ಷಕ್ಕೊಮ್ಮೆ ಕರೆದು ಟೀ ಕೊಟ್ಟು ರೇಟ್ ಇಳಿಸುತ್ತಾರೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರಿಂದ ಕಾನೂನಿದೆ. ನಾಳೆಯೂ ಕೆಲಸ ಬೇಕಾದವನು ಯಾರ ಮೇಲೆ ದೂರು ಕೊಡುತ್ತಾನೆ ಹೇಳಿ?

ಸ್ವಂತದ್ದೇನಾದರೂ ಮಾಡೋಣ ಅನ್ನಿಸಿದ್ದು ಅಮ್ಮನಿಂದ. ಮಂಡಿ ನೋವು, ನೆಲದ ಮೇಲೆ ಕೂತು ಕಾಯಿ ತುರಿಯಲು ಆಗುತ್ತಿರಲಿಲ್ಲ. ಅಂಗಡಿಯಿಂದ ಕೈಯಲ್ಲಿ ತಿರುಗಿಸುವ ತುರಿಮಣೆ ತಂದೆ. ಅಡಿಯಲ್ಲಿ ರಬ್ಬರ್ ಬಟ್ಟಲು, ಅಡುಗೆ ಕಟ್ಟೆಗೆ ಅಂಟಿಕೊಳ್ಳಬೇಕು. ನಮ್ಮದು ಹಳೇ ಕಡಪಾ ಕಲ್ಲಿನ ಕಟ್ಟೆ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಕಿತ್ತು ಬರುತ್ತಿತ್ತು. ಕಟ್ಟೆಯ ಅಂಚನ್ನೇ ಕಚ್ಚಿ ಹಿಡಿಯುವ ಕ್ಲ್ಯಾಂಪ್ ಮಾಡಿದರೆ ಮುಗಿಯಿತಲ್ವಾ ಅಂದುಕೊಂಡೆ. ವಾರದಲ್ಲಿ ಮಾಡಿಯೂ ಬಿಟ್ಟೆ. ನನ್ನ ಹೆಂಡತಿ ಅದನ್ನು ನೋಡಿ, "ಇದನ್ನ ಅಡುಗೆಮನೇಲಿ ಇಡ್ತೀರಾ, ಗ್ಯಾರೇಜಲ್ಲಿ ಇಡ್ತೀರಾ?" ಅಂದಳು. ನೋಡಿದರೆ ಹೌದು, ಅದು ಕಬ್ಬಿಣ ಕಚ್ಚಿ ಹಿಡಿಯುವ ಬೆಂಚ್ ವೈಸ್ ಥರವೇ ಇತ್ತು.

ಆಮೇಲೆ ಪರಿಚಯದವರ ಮೂಲಕ ಪ್ರಾಡಕ್ಟ್ ಡಿಸೈನ್ ಓದಿದ ಒಬ್ಬ ಹುಡುಗಿ ಸಿಕ್ಕಳು. ಚಿತ್ರ ಬರೆದು ಕೊಡುತ್ತಾಳೆ ಅಂದುಕೊಂಡಿದ್ದೆ. ಎರಡು ವಾರ ಒಂದು ಗೆರೆಯೂ ಎಳೆಯಲಿಲ್ಲ! ಹನ್ನೊಂದು ಮನೆಗೆ ಹೋಗಿ ಕಾಯಿ ತುರಿಯುವವರ ಪಕ್ಕ ನಿಂತು ನೋಡಿದಳು. ಬಂದು ಹೇಳಿದ್ದು ಕೇಳಿ. ಎಲ್ಲರೂ ನಡುನಡುವೆ ನಿಲ್ಲಿಸಿ ಹೋಳಿನೊಳಗೆ ಇಣುಕುತ್ತಾರೆ. ಚಿಪ್ಪಿಗೆ ಅಂಟಿದ ಕಂದು ಸಿಪ್ಪೆ ಬಂದರೆ ಚಟ್ನಿಯ ಬಣ್ಣ ಕೆಡುತ್ತದೆ, ಅದಕ್ಕೆ. ಹಲ್ಲುಗಳ ಸಂದಿನಲ್ಲಿ ಸಿಕ್ಕಿದ ತುರಿಯನ್ನು ಸೇಫ್ಟಿ ಪಿನ್ನಿನಲ್ಲಿ ತೆಗೆಯುತ್ತಾರೆ. ಕಟ್ಟೆಗಳು ಒಂದೇ ದಪ್ಪ ಇಲ್ಲ. ಒಂಟಿ ಗ್ರಾನೈಟ್ ಹಲಗೆ 18–20 ಮಿಲಿಮೀಟರ್, ಅಂಚಿಗೆ ಪಟ್ಟಿ ಅಂಟಿಸಿದ್ದರೆ ಅದರ ಎರಡರಷ್ಟು. ನನ್ನ ಕ್ಲ್ಯಾಂಪ್ ತೆರೆಯುತ್ತಿದ್ದದ್ದು 30ಕ್ಕೆ. ಹನ್ನೊಂದರಲ್ಲಿ ಐದು ಮನೆಗೆ ಅದು ಕೂರುತ್ತಲೇ ಇರಲಿಲ್ಲ. ನಾನು ಅಳತೆ ತೆಗೆದದ್ದು ನಮ್ಮ ಮನೆಯ ಕಟ್ಟೆ ಒಂದನ್ನೇ.

ಅವಳು ಹಲ್ಲಿನ ತಲೆಯ ಆಕಾರ ಬದಲಿಸಿದಳು, ಬಿಚ್ಚಿ ತೊಳೆಯುವ ಹಾಗೆ ಮಾಡಿದಳು, ಐದು ಸ್ಕ್ರೂ ಇದ್ದಲ್ಲಿ ಎರಡಕ್ಕೆ ಇಳಿಸಿದಳು. ಇಷ್ಟಾದರೂ ಅವಳ ಫೀಸ್ ವಿಷಯದಲ್ಲಿ ಚೌಕಾಸಿ ಮಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆ. "ನಾಲ್ಕು ಚಿತ್ರಕ್ಕೆ ಇಷ್ಟಾ?" ಅಂದಿದ್ದೆ. ಟೀ ಕೊಟ್ಟು ರೇಟ್ ಇಳಿಸುವವರನ್ನು ಬೈಯುವ ನಾನೇ.

ಅದಕ್ಕೆ ಶಿಕ್ಷೆ ಬೇಗನೇ ಸಿಕ್ಕಿತು. ತುರಿ ಬೀಳುವ ಬಟ್ಟಲು ಪ್ಲಾಸ್ಟಿಕ್ಕಿನದು. ಕರಗಿದ ಪ್ಲಾಸ್ಟಿಕ್ ತುಂಬಿ ಅದನ್ನು ಮಾಡುವ ಉಕ್ಕಿನ ಅಚ್ಚು, ಅಂದರೆ ಮೋಲ್ಡ್‌ಗೆ 4 ಲಕ್ಷ. ಬಟ್ಟಲಿನ ಗೋಡೆ ಎರಡೂವರೆ ಮಿಲಿಮೀಟರ್, ಒಳಗಿನ ಆಧಾರದ ಪಟ್ಟಿಗಳು ಒಂದೂವರೆಗಿಂತ ದಪ್ಪ ಬೇಡ ಎಂದು ಅವಳು ಬರೆದಿದ್ದಳು. ಗಟ್ಟಿ ಇರಲಿ ಎಂದು ನಾನೇ ಅವಳನ್ನು ಕೇಳದೆ ಅವನ್ನೂ ಎರಡೂವರೆ ಮಾಡಿಸಿದೆ. ಮೊದಲ ಟ್ರಯಲ್‌ನಲ್ಲಿ ಬಟ್ಟಲು ಬಿಸಿಬಿಸಿಯಾಗಿ ಈಚೆ ಬಂತು, ಚೆನ್ನಾಗಿಯೇ ಇತ್ತು. ಆರುತ್ತಾ ಹೋದ ಹಾಗೆ ಹೊರಮೈಯಲ್ಲಿ, ಪಟ್ಟಿ ಇದ್ದ ಕಡೆಯಲ್ಲೆಲ್ಲ ಗುಳಿ ಬಿತ್ತು. ದಪ್ಪ ಜಾಗ ನಿಧಾನಕ್ಕೆ ಆರಿ ಮೇಲ್ಮೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಟ್ಟಿ ತೆಳುವಾಗಿದ್ದು ಸಾಲದಿದ್ದರೆ ಮೋಲ್ಡ್‌ನ ಉಕ್ಕನ್ನು ಇನ್ನಷ್ಟು ಕೊರೆದರೆ ಆಯಿತು. ದಪ್ಪವಾದದ್ದನ್ನು ತೆಳು ಮಾಡಬೇಕೆಂದರೆ ವೆಲ್ಡ್ ಮಾಡಿ ಉಕ್ಕು ತುಂಬಿ ಮತ್ತೆ ಕೊರೆಯಬೇಕು. ಮೂರು ವಾರ ಹೋಯಿತು. ಅವಳ ಫೀಸಿಗಿಂತ ಜಾಸ್ತಿ ದುಡ್ಡೂ ಹೋಯಿತು.

ಈ 4 ಲಕ್ಷದ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ. 500 ತುರಿಮಣೆ ಮಾರಿದರೆ ಒಂದೊಂದರ ಮೇಲೆ 800 ರೂಪಾಯಿ ಬರೀ ಮೋಲ್ಡ್ ಖರ್ಚು. 10,000 ಮಾರಿದರೆ 40 ರೂಪಾಯಿ. ಆದರೆ 500 ಮಾರಿ ನೋಡದೆ 10,000 ಹೋಗುತ್ತದೋ ಇಲ್ಲವೋ ಗೊತ್ತಾಗುವುದು ಹೇಗೆ? ಬ್ಯಾಂಕಿನವರು ಯಂತ್ರಕ್ಕೆ ಸಾಲ ಕೊಡುತ್ತೇವೆ, ಮೋಲ್ಡ್‌ಗೆ ಇಲ್ಲ ಅಂದರು. "ನಿಮ್ಮ ಬಟ್ಟಲಿನ ಅಚ್ಚನ್ನು ಜಪ್ತಿ ಮಾಡಿಕೊಂಡು ನಾನು ಯಾರಿಗೆ ಮಾರಲಿ ಸಾರ್?" ಎಂದು ಮ್ಯಾನೇಜರ್ ಕೇಳಿದರು. ಅವರ ಮಾತಿನಲ್ಲಿ ತಪ್ಪಿಲ್ಲ.

ನಡುವೆ ದಾರಿಗಳಿವೆ, ನನಗೆ ತಡವಾಗಿ ಗೊತ್ತಾಯಿತು. ಸಿಲಿಕೋನ್ ಅಚ್ಚಿನಲ್ಲಿ ಇಪ್ಪತ್ತು, ಇಪ್ಪತ್ತೈದು ಪೀಸ್ ಎರಕ ಹೊಯ್ದು ಜನರ ಕೈಗೆ ಕೊಟ್ಟು ನೋಡಬಹುದು. ಅದು ಸರಿಹೋದರೆ ಅಲ್ಯೂಮಿನಿಯಂ ಮೋಲ್ಡ್, ಉಕ್ಕಿನದಕ್ಕಿಂತ ಅಗ್ಗ, ಕೆಲವು ಸಾವಿರ ಪೀಸ್‌ಗೆ ಸಾಕು. ಉಕ್ಕಿಗೆ ಹೋಗುವುದು ಆಮೇಲೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮೊದಲ ಲಾಟ್ ಬಂದ ಖುಷಿಗೆ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದೆ, ಒಂದು ಮೇಳದಲ್ಲಿ ಮಳಿಗೆಯನ್ನೂ ಇಟ್ಟೆ. ನಾಲ್ಕು ತಿಂಗಳಿಗೆ ಪೇಟೆಯ ಅಂಗಡಿಯಲ್ಲಿ ನಮ್ಮದೇ ಆಕಾರದ ತುರಿಮಣೆ ಕಂಡಿತು. ಬಣ್ಣ ಮಾತ್ರ ಬೇರೆ, ಬೆಲೆ ಅರ್ಧ. ಡಿಸೈನ್ ನೋಂದಣಿ ಮಾಡಿಸೋಣ ಎಂದು ಓಡಿದರೆ, ಜನರ ಮುಂದೆ ಇಟ್ಟಾಗಿದೆ, ಈಗ ಹೊಸದು ಅನ್ನಿಸಿಕೊಳ್ಳುವುದಿಲ್ಲ ಅಂದರು. 2000ದ ಡಿಸೈನ್ ಕಾಯ್ದೆ ಹೇಳುವುದೂ ಅದನ್ನೇ. ಮೊದಲು ಅರ್ಜಿ, ಆಮೇಲೆ ಪ್ರದರ್ಶನ. ಸಣ್ಣ ಉದ್ಯಮಕ್ಕೆ ಅರ್ಜಿಯ ಸರ್ಕಾರಿ ಶುಲ್ಕ ಬರೀ 1,000 ರೂಪಾಯಿ. ರಕ್ಷಣೆ 10 ವರ್ಷ, ನವೀಕರಿಸಿದರೆ ಇನ್ನೂ 5. ಆಕಾರಕ್ಕೆ ಮಾತ್ರ ಸಿಗುತ್ತದೆ ನಿಜ, ಅದು ಕೆಲಸ ಮಾಡುವ ರೀತಿಗೆ ಪೇಟೆಂಟ್ ಬೇರೆಯೇ ಬೇಕು. ಆದರೂ ಸಾವಿರ ರೂಪಾಯಿಯಲ್ಲಿ ಆಗುತ್ತಿದ್ದ ಕೆಲಸ ಅಲ್ವಾ?

ಬೇಜಾರಾಗುವುದು ಏಕೆಂದರೆ, ಇದನ್ನೆಲ್ಲ ಬಲ್ಲವರು ದೂರದಲ್ಲಿ ಇಲ್ಲ. ಎಚ್ಎಂಟಿ 1961ರಲ್ಲೇ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ ಶುರು ಮಾಡಿದ ಊರು ಇದು. ಇಂಥ ಮೋಲ್ಡ್ ಮಾಡುವ, ಮಾಡಲು ಕಲಿಸುವ ರಾಜಾಜಿನಗರದ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಆದದ್ದು. ಎಚ್ಎಂಟಿ ಲಿಂಕ್ ರಸ್ತೆಯಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕ್ಯಾಂಪಸ್ ಇದೆ. ಐಐಎಸ್‌ಸಿಯಲ್ಲಿ ಪ್ರಾಡಕ್ಟ್ ಡಿಸೈನ್ ಕಲಿಸುತ್ತಾರೆ. ಎಲ್ಲಾ ನನ್ನ ಶೆಡ್‌ನಿಂದ ಒಂದು ಬಸ್ಸಿನ ದೂರ. ಇಪ್ಪತ್ತು ವರ್ಷದಲ್ಲಿ ನಾನು ಒಂದಕ್ಕೂ ಕಾಲಿಟ್ಟಿರಲಿಲ್ಲ. ಅಲ್ಲಿಂದ ನಮ್ಮ ಶೆಡ್‌ಗೂ ಯಾರೂ ಬಂದಿರಲಿಲ್ಲ ಅನ್ನಿ. ಹೊಸೂರಿನ ಟೈಟಾನ್ 2002ರಲ್ಲಿ ತಂದ ಎಡ್ಜ್ ಗಡಿಯಾರ ನೋಡಿ, ಒಟ್ಟು ದಪ್ಪ 3.5 ಮಿಲಿಮೀಟರ್. ಒಳಗಿನ ಯಂತ್ರವನ್ನು 1.15 ಮಿಲಿಮೀಟರ್‌ಗೆ ಇಳಿಸಿದ್ದರಿಂದ ಅದು ಆಯಿತು. ಚಿತ್ರ ಬರೆಯುವವರು ಒಂದು ಕಡೆ, ಲೋಹ ಕೊರೆಯುವವರು ಇನ್ನೊಂದು ಕಡೆ ಕೂತರೆ ಅಂಥದ್ದು ಆಗುತ್ತಿತ್ತಾ?

ಯೋಜನೆಗಳಿಲ್ಲ ಎಂದೇನಲ್ಲ. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ 2022ರಲ್ಲಿ ತಂದ ಎಂಎಸ್ಎಂಇ ಇನ್ನೋವೇಟಿವ್ ಯೋಜನೆಯ ಡಿಸೈನ್ ಭಾಗದಲ್ಲಿ 40 ಲಕ್ಷದವರೆಗಿನ ಕೆಲಸಕ್ಕೂ ನೆರವಿದೆ. ನನ್ನಂಥವನಿಗೆ ಬೇಕಾದದ್ದು 40 ಲಕ್ಷವಲ್ಲ, ಮೊದಲ 500 ಪೀಸ್ ದಾಟಲು ಒಂದು ಆಸರೆ. ಜಿಟಿಟಿಸಿಗೆ ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳಿವೆ. ಪ್ರತಿ ಶಾಖೆಯಲ್ಲೂ ತಿಂಗಳಿಗೆ ಕೆಲವು ದಿನ ಯಂತ್ರಗಳನ್ನು ಇಂಥ ಸಣ್ಣ ಅಲ್ಯೂಮಿನಿಯಂ ಮೋಲ್ಡ್‌ಗಳಿಗೆಂದೇ ಕಡಿಮೆ ದರದಲ್ಲಿ ಮೀಸಲಿಡಲಿ. ಮೋಲ್ಡ್ ಕೊರೆಯುವ ಮುಂಚೆ ಡ್ರಾಯಿಂಗ್ ನೋಡಿ "ಈ ಪಟ್ಟಿ ದಪ್ಪ ಆಯ್ತು" ಎಂದು ಹೇಳಲು ಒಬ್ಬ ಅನುಭವಿ ಕೂತಿರಲಿ. ಬೆಳಗಾವಿಯ ಫೌಂಡ್ರಿಯವರಿಗೂ ಚನ್ನಪಟ್ಟಣದ ಬೊಂಬೆಯವರಿಗೂ ಇದು ಉಪಯೋಗಕ್ಕೆ ಬಂದೀತು. ಕೈಗಾರಿಕಾ ಇಲಾಖೆಯವರು ಇದನ್ನು ಓದಿದರೆ ಸಂತೋಷ.

ತುರಿಮಣೆಯ ಎರಡನೇ ಮಾದರಿ ಈಗ ತಯಾರಾಗುತ್ತಿದೆ. ಸಿಲಿಕೋನ್ ಅಚ್ಚಿನಲ್ಲಿ 24 ಪೀಸ್ ಮಾಡಿಸಿದ್ದೇನೆ. ಎಲ್ಲಾ ಶೆಡ್‌ನ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿವೆ. ಈ ಸಲ ಆ ಡಿಸೈನ್ ಹುಡುಗಿಯ ಫೀಸ್ ಪೂರ್ತಿ ಮುಂಗಡವಾಗಿ ಕೊಟ್ಟಿದ್ದೇನೆ. ಡಿಸೈನ್ ಅರ್ಜಿ ಹೋದ ಮರುದಿನ ಆ ಹನ್ನೊಂದು ಮನೆಗಳಿಗೆ ಮೊದಲು ಕೊಡುವುದು, ಸ್ಟೇಟಸ್ ಆಮೇಲೆ.

ಇತಿ,
ಒಬ್ಬ ಶೆಡ್ ಮಾಲೀಕ
ಪೀಣ್ಯ, ಬೆಂಗಳೂರು