ತಂಡದ ಹೊಣೆ ಹೊತ್ತ ಮಗಳಿಗೆ

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ಮಕ್ಕಳ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಡಲು ಯಾವ ತಂದೆತಾಯಿಯೂ ಮುಂದೆ ಬಾರದಿದ್ದಾಗ ನೀನೇ ಒಪ್ಪಿಕೊಂಡದ್ದನ್ನು ಓದಿ ಸಂತೋಷಪಟ್ಟೆ. ಆದರೆ ಪತ್ರ ಮುಗಿಸುವ ಹೊತ್ತಿಗೆ ಏನೋ ನೆನಪಾದವಳಂತೆ ನೀನು ಸೇರಿಸಿದ ಎರಡು ಸಾಲುಗಳು ನನ್ನ ಮನಸ್ಸನ್ನು ಕಲಕಿಬಿಟ್ಟವು. ರಾತ್ರಿ ಊಟಕ್ಕೆ ಕುಳಿತಾಗ ಮಗ ನಿನ್ನನ್ನು ‘ಕೋಚ್’ ಎಂದು ಕರೆದನೆಂದೂ ಅವನ ಮುಖದಲ್ಲಿ ನಗು ಇರಲಿಲ್ಲವೆಂದೂ ಬರೆದು, ‘ತಂಡಕ್ಕೆ ಕೋಚ್ ಸಿಕ್ಕಿ ಇವನಿಗೆ ಅಮ್ಮ ಇಲ್ಲದಂತಾದರೆ ಏನು ಮಾಡಲಿ ದೊಡ್ಡಪ್ಪ’ ಎಂದು ಕೇಳಿದ್ದೀಯ. ಉಳಿದ ಪುಟಗಳಿಗೆಲ್ಲ ಇನ್ನೊಮ್ಮೆ ಉತ್ತರಿಸುತ್ತೇನೆ. ಇವತ್ತು ಆ ಎರಡು ಸಾಲುಗಳನ್ನು ಬಿಟ್ಟು ಬೇರೇನೂ ಬರೆಯಲು ಮನಸ್ಸಾಗುತ್ತಿಲ್ಲ.

ಅದೆಲ್ಲ ಮಕ್ಕಳಾಟ, ತಾನಾಗಿಯೇ ಸರಿಹೋಗುತ್ತದೆ ಎಂದು ಬರೆದುಬಿಡುವುದು ಸುಲಭವಿತ್ತು. ಹಾಗೆ ಬರೆಯಲು ಕೈ ಬರಲಿಲ್ಲ, ಏಕೆಂದರೆ ನಿನ್ನ ಮಗ ಈಗ ಇರುವ ಜಾಗದಲ್ಲಿ ಒಂದು ಕಾಲಕ್ಕೆ ನಾನಿದ್ದೆ.

ನಿನ್ನ ತಾತ ಹುಡುಗರ ತಂಡ ಕಟ್ಟಿದ್ದು, ಆ ತಂಡ ಗೆದ್ದದ್ದು, ಸೋತದ್ದು, ಆ ಹಳೆಯ ಫೋಟೋ, ಇವೆಲ್ಲ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಬಿಡುತ್ತೇನೆ. ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದು ಬೇರೆ ಇದೆ. ಪಂದ್ಯದ ಹಿಂದಿನ ಸಂಜೆ ಅಪ್ಪ ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಹನ್ನೊಂದು ಹೆಸರುಗಳನ್ನು ಬರೆಯುತ್ತಿದ್ದರು, ಅದರಲ್ಲಿ ನನ್ನ ಹೆಸರು ಯಾವಾಗಲೂ ಕೊನೆಯದು. ಮಗನಿಗೆ ಮಣೆ ಹಾಕುತ್ತಾರೆ ಎಂಬ ಮಾತು ಯಾರ ಬಾಯಿಂದಲೂ ಬರಬಾರದೆಂದು ಅವರು ಅಷ್ಟು ಎಚ್ಚರದಿಂದಿದ್ದರೆಂದು ಈಗ ಊಹಿಸಬಲ್ಲೆ. ಹತ್ತು ವರ್ಷದ ಹುಡುಗನಿಗೆ ಆ ಊಹೆ ಎಲ್ಲಿಂದ ಬರಬೇಕು? ಬೇರೆ ಹುಡುಗರು ಚೆಂಡು ಕಳೆದುಕೊಂಡರೆ ‘ಪರವಾಗಿಲ್ಲ, ಮುಂದಿನದು ನೋಡು’ ಎನ್ನುತ್ತಿದ್ದ ಅದೇ ಗಂಟಲು ನಾನು ಕಳೆದುಕೊಂಡಾಗ ನನ್ನ ಹೆಸರನ್ನು ಮೈದಾನವಿಡೀ ಕೇಳುವಂತೆ ಕೂಗುತ್ತಿತ್ತು. ಆಟ ಮುಗಿದ ಮೇಲೆ ಚೆಂಡುಗಳ ಬಲೆಚೀಲ ಅವರ ಹೆಗಲಿಗೆ, ಗಾಳಿ ತುಂಬುವ ಪಂಪು ನನ್ನ ಕೈಗೆ. ಗೇಟು ದಾಟಿದ ಕ್ಷಣದಿಂದ ಮನೆಯ ಬಾಗಿಲಿನವರೆಗೆ ನಾನು ಕೊಟ್ಟ ಪಾಸುಗಳ ಲೆಕ್ಕ ನಡೆಯುತ್ತಿತ್ತು. ಅವರು ಗದರುತ್ತಿರಲಿಲ್ಲ, ತಾಳ್ಮೆಯಿಂದಲೇ ವಿವರಿಸುತ್ತಿದ್ದರು, ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ಗದರಿದ್ದರೆ ಅಪ್ಪ ಗದರಿದರು ಎಂದುಕೊಳ್ಳುತ್ತಿದ್ದೆ.

ನಿನ್ನ ಅಪ್ಪ ನನಗಿಂತ ಎಷ್ಟೋ ಚಿಕ್ಕವನು, ಆಟದ ಕಡೆ ತಲೆಹಾಕಿದವನೂ ಅಲ್ಲ. ಅವನಿಗೆ ಸಿಕ್ಕ ತಂದೆಯೇ ಬೇರೆ, ಸಂಜೆ ಮಡಿಲಲ್ಲಿ ಕೂರಿಸಿಕೊಂಡು ಕಥೆ ಹೇಳುತ್ತಿದ್ದ, ಬೆನ್ನ ಮೇಲೆ ಹೊತ್ತು ಮನೆಯೆಲ್ಲ ಓಡುತ್ತಿದ್ದ ತಂದೆ. ಒಂದೇ ಮನೆಯಲ್ಲಿ ಇಬ್ಬರು ತಂದೆಯರಿದ್ದಾರೆಂದೂ ನನಗೆ ಸಿಕ್ಕಿದ್ದು ಗಟ್ಟಿಯವರೆಂದೂ ನಾನು ಬಹಳ ಕಾಲ ಅಂದುಕೊಂಡಿದ್ದೆ. ನಿನ್ನ ಭಯ ಹುಸಿಯಲ್ಲ ಎಂದು ಹೇಳುವುದಕ್ಕೆ ಇಷ್ಟು ಹೇಳಿದೆ, ನಿನ್ನನ್ನು ಇನ್ನಷ್ಟು ಹೆದರಿಸುವುದಕ್ಕಲ್ಲ. ಇದೇ ಅಪ್ಪ ಪಂಪಿನ ಸೂಜಿಯನ್ನು ಚೆಂಡಿಗೆ ಚುಚ್ಚುವ ಮೊದಲು ನಾಲಿಗೆಯ ತುದಿಯಿಂದ ಒದ್ದೆ ಮಾಡಿ, ಒಣಗಿದ್ದರೆ ಕವಾಟ ಹರಿದುಹೋಗುತ್ತದೆ ನೋಡು ಎಂದು ನನ್ನನ್ನು ಹತ್ತಿರ ಕರೆದು ತೋರಿಸಿದವರು. ಮರುದಿನದ ಎದುರಾಳಿಯ ಬಗ್ಗೆ ತಮ್ಮ ಆತಂಕವನ್ನು ಅಮ್ಮನಿಗೂ ಹೇಳದೆ ನನಗೆ ಹೇಳಿದವರು. ಅಂಥ ಹೊತ್ತುಗಳು ನಿನ್ನ ಅಪ್ಪನಿಗೆ ದಕ್ಕಲಿಲ್ಲ, ಅದಕ್ಕಾಗಿ ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚಿತ್ತೆಂದು ತೀರಾ ಇತ್ತೀಚೆಗೆ ನಗುತ್ತಾ ಹೇಳಿದ.

ಈ ವಿಷಯವನ್ನು ಅಧ್ಯಯನ ಮಾಡಿದವರೂ ಇದ್ದಾರೆ. 2005ರಲ್ಲಿ ಮೌರೀನ್ ವೈಸ್ ಮತ್ತು ಸೂಸನ್ ಫ್ರೆಟ್‌ವೆಲ್ ಎಂಬ ಸಂಶೋಧಕರು ಅಮೆರಿಕದಲ್ಲಿ ಹನ್ನೆರಡರೊಳಗಿನ ಹುಡುಗರ ಫುಟ್‌ಬಾಲ್ ತಂಡಗಳಿಗೆ ತರಬೇತಿ ಕೊಡುತ್ತಿದ್ದ ತಂದೆಯರನ್ನೂ ಅವರ ಮಕ್ಕಳನ್ನೂ ಜೊತೆಯ ಆಟಗಾರರನ್ನೂ ಮಾತನಾಡಿಸಿದರು. ಅಪ್ಪನೊಡನೆ ಕಳೆಯುವ ಸಮಯ, ಅಪ್ಪನಿಂದ ಕಲಿಯುವ ಆಟ, ಒಳಗಿನ ಸುದ್ದಿ ತಮಗೆ ಮೊದಲೇ ತಿಳಿಯುವುದು, ಇವೆಲ್ಲ ಇಷ್ಟವೆಂದು ಹೇಳಿದ ಮಕ್ಕಳೇ ತಮ್ಮ ಮೇಲಿನ ಒತ್ತಡ ಹೆಚ್ಚು, ತಪ್ಪಿದರೆ ಟೀಕೆ ಹೆಚ್ಚು, ಅಪ್ಪ ತಮ್ಮನ್ನು ಅರ್ಥಮಾಡಿಕೊಳ್ಳುವುದಿಲ್ಲ ಎಂದೂ ಹೇಳಿದರಂತೆ. ತಂದೆ ಎಲ್ಲಿ ಮುಗಿದು ಕೋಚ್ ಎಲ್ಲಿ ಶುರುವಾಗುತ್ತಾನೆಂಬುದನ್ನು ಬೇರ್ಪಡಿಸಲಾಗುತ್ತಿಲ್ಲ ಎಂದು ತಂದೆಯರೂ ಒಪ್ಪಿಕೊಂಡರಂತೆ. ಇದನ್ನು ಓದಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು. ನನ್ನ ಅಪ್ಪ ವಿಚಿತ್ರ ಮನುಷ್ಯರಾಗಿರಲಿಲ್ಲ, ಆ ಜಾಗದಲ್ಲಿ ನಿಂತವರಿಗೆಲ್ಲ ಕಾಲು ಜಾರುವ ಕಡೆಯಲ್ಲೇ ಅವರಿಗೂ ಜಾರಿತ್ತು. ಆದರೆ ಆ ಅಧ್ಯಯನವೂ ನಿನ್ನ ಪ್ರಶ್ನೆಗೆ ಹೌದು, ಇಲ್ಲ ಎಂದು ಉತ್ತರಿಸುವುದಿಲ್ಲ. ಸಿಹಿಯೂ ಕಹಿಯೂ ಒಂದೇ ಮಗುವಿನ ಬಾಯಿಂದ ಬಂದಿರುವಾಗ ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯುವುದು?

ಇದನ್ನೆಲ್ಲ ಕೇಳಿ, ಹಾಗಾದರೆ ಬಿಟ್ಟುಬಿಡುತ್ತೇನೆ ಎಂದು ನೀನು ಹೊರಡಬಹುದೆಂಬ ಹೆದರಿಕೆ ನನಗಿದೆ. ಬಿಟ್ಟವನ ಕಥೆಯನ್ನೂ ಕೇಳು. ನನ್ನ ಮಕ್ಕಳು ಆ ವಯಸ್ಸಿಗೆ ಬಂದಾಗ ಅವರ ತಂಡಕ್ಕೂ ತಂದೆತಾಯಂದಿರು ಬೇಕಾಗಿದ್ದರು, ನನ್ನನ್ನೂ ಕೇಳಿದರು. ಕೆಲಸದ ನೆಪ ಹೇಳಿ ತಪ್ಪಿಸಿಕೊಂಡೆ. ಗೆರೆಯಾಚೆ ನಿಂತರೆ ಬರೀ ಅಪ್ಪನಾಗಿ ಉಳಿಯಬಹುದು ಎಂಬುದು ನನ್ನ ಲೆಕ್ಕಾಚಾರ. ಉಳಿದೆ ಕೂಡ, ಆದರೆ ಅವರ ಬಾಲ್ಯದ ಒಂದು ದೊಡ್ಡ ಭಾಗವನ್ನು ನಾನು ನೋಡಿದ್ದು ದೂರದಿಂದ. ಅವರು ಯಾರ ಹೆಗಲ ಮೇಲೆ ಕೈ ಹಾಕಿ ನಡೆಯುತ್ತಿದ್ದರು, ಯಾರು ಅವರನ್ನು ಅಳಿಸುತ್ತಿದ್ದರು, ಯಾವ ಮಾತಿಗೆ ಇಡೀ ತಂಡ ಬಿದ್ದು ಬಿದ್ದು ನಗುತ್ತಿತ್ತು, ಇವೆಲ್ಲ ಇನ್ನೊಬ್ಬ ಹುಡುಗನ ತಾಯಿಗೆ ಗೊತ್ತಿತ್ತು. ನನ್ನ ಮಗಳು ದೊಡ್ಡವಳಾದ ಮೇಲೆ ಆ ಹೆಂಗಸನ್ನು ನೆನೆಯುವಾಗ ಅವಳ ದನಿಯಲ್ಲಿ ಬರುವ ಆರ್ದ್ರತೆಯನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಚುರುಕ್ಕೆನ್ನುತ್ತದೆ. ಹಾಗೆಂದು ನಾನು ಹೊಣೆ ಹೊತ್ತಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತೆಂದು ಹೇಳಲಾರೆ. ನನ್ನ ಅಪ್ಪನ ಗಂಟಲೇ ನನ್ನೊಳಗಿಂದ ಹೊರಡುತ್ತಿತ್ತೇನೋ.

ಒಂದು ತಮಾಷೆಯ ಸಂಗತಿ. ಜಗತ್ತಿನಲ್ಲೇ ಹೆಸರಾದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ ಅನ್ನು 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಮೂರೇ ತಂಡಗಳೊಂದಿಗೆ ಶುರುಮಾಡಿದ ಕಾರ್ಲ್ ಸ್ಟಾಟ್ಜ್ ಎಂಬಾತ ಅದಕ್ಕೆ ಕೈಹಾಕಿದ್ದು ಸಂಬಂಧದಲ್ಲಿ ತನ್ನನ್ನು ಮಾಮ, ಚಿಕ್ಕಪ್ಪ ಎನ್ನಬೇಕಾದ ಇಬ್ಬರು ಹುಡುಗರಿಗಾಗಿ. ಒಂದು ಮನೆಯಾಚೆಯ ಸಂಬಂಧ ಇಂಥ ಕೆಲಸಕ್ಕೆ ಒಳ್ಳೆಯ ದೂರವೆಂದು ನನಗನ್ನಿಸುತ್ತದೆ, ಆದರೆ ಎಲ್ಲ ತಂಡಗಳಿಗೂ ಅಂಥ ಮಾಮಂದಿರನ್ನು ಎಲ್ಲಿಂದ ತರುವುದು.

ಉಪಾಯಗಳನ್ನು ಕೇಳಿದರೆ ನನ್ನ ಬಳಿ ಹೆಚ್ಚೇನೂ ಇಲ್ಲ, ಇರುವಷ್ಟನ್ನು ಸಂಕೋಚದಿಂದಲೇ ಹೇಳುತ್ತೇನೆ. ಯಾರು ಎಷ್ಟು ಹೊತ್ತು ಆಡಬೇಕೆಂಬುದನ್ನು ನಿನ್ನ ಮರ್ಜಿಗೆ ಬಿಟ್ಟುಕೊಳ್ಳಬೇಡ, ಮೊದಲೇ ನಿಯಮ ಮಾಡಿ ಎಲ್ಲರಿಗೂ ಓದಿಹೇಳು. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ, ಸ್ವಯಂಸೇವಕರಿಂದಲೇ ನಡೆಯುವ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಶನ್‌ನಲ್ಲಿ ಪ್ರತಿ ಮಗುವೂ ಪಂದ್ಯದ ಕನಿಷ್ಠ ಅರ್ಧದಷ್ಟು ಹೊತ್ತು ಆಡಲೇಬೇಕೆಂಬ ನಿಯಮವಿದೆ. ಅದು ದುರ್ಬಲ ಆಟಗಾರರಿಗಾಗಿ ಮಾಡಿದ್ದು, ನಿಜ. ಆದರೆ ಕೋಚ್‌ನ ಮಗುವಿಗೂ ಅದರಿಂದ ದೊಡ್ಡ ಉಪಕಾರ, ಏಕೆಂದರೆ ಅವನನ್ನು ಕೂರಿಸಿದ್ದೂ ಇಳಿಸಿದ್ದೂ ಆಗ ತಾಯಿಯ ತೀರ್ಮಾನವಾಗಿರುವುದಿಲ್ಲ. ನಿನಗೊಬ್ಬ ಸಹಾಯಕ ಸಿಕ್ಕಿದ್ದರೆ ನಿನ್ನ ಮಗನ ಆಟವನ್ನು ತಿದ್ದುವ ಕೆಲಸ ಅವನಿಗಿರಲಿ, ಅವನ ಮಗುವನ್ನು ನೀನು ತಿದ್ದು. ಹೇಗೂ ಯಾವ ಮಗುವಿನೊಂದಿಗೂ ದೊಡ್ಡವರೊಬ್ಬರೇ ಏಕಾಂತದಲ್ಲಿ ಇರದಂತೆ ನೋಡಿಕೊಳ್ಳಲು ಇನ್ನೊಬ್ಬರು ಬೇಕೇಬೇಕು. ಮಗ ಬಿದ್ದು ಪೆಟ್ಟುಮಾಡಿಕೊಂಡಾಗ ಓಡಬೇಕಾದವಳು ಅಮ್ಮನೋ ಕೋಚೋ ಎಂದು ಯೋಚಿಸುತ್ತಾ ನಿಲ್ಲಬೇಡ, ಬೇರೆ ಮಗು ಬಿದ್ದರೆ ಎಷ್ಟು ವೇಗವಾಗಿ ಓಡುತ್ತೀಯೋ ಅಷ್ಟೇ ವೇಗವಾಗಿ ಓಡು. ತಲೆಗೆ ಪೆಟ್ಟಾಗಿರುವ ಅನುಮಾನವಿದ್ದರೆ, ನಿನ್ನವನಿರಲಿ ಬೇರೆಯವರವನಿರಲಿ, ಆ ದಿನ ಮತ್ತೆ ಆಡಿಸಬೇಡ.

ಇನ್ನು ಮನೆಗೆ ಹಿಂದಿರುಗುವ ದಾರಿ. ನನ್ನ ಅನುಭವದಲ್ಲಿ ನೀನು ಹೆದರುವ ಸಂಗತಿ ಮೈದಾನದಲ್ಲಿ ನಡೆಯುವುದಿಲ್ಲ, ಆ ದಾರಿಯಲ್ಲಿ ನಡೆಯುತ್ತದೆ. ಮೈದಾನದಲ್ಲಿ ಅಪ್ಪ ಎಲ್ಲರ ಕೋಚ್ ಆಗಿದ್ದರು, ಅದನ್ನು ಹೇಗೋ ಸಹಿಸಿಕೊಂಡೆ. ಗೇಟಿನ ಹೊರಗೆ ಉಳಿದವರೆಲ್ಲ ತಮ್ಮ ತಮ್ಮ ತಂದೆತಾಯಂದಿರ ಕೈ ಹಿಡಿದು ಹೋದಾಗ ನನಗೆ ಮಾತ್ರ ಕೋಚ್ ಉಳಿಯುತ್ತಿದ್ದರು. ಆದ್ದರಿಂದ ಗೇಟು ದಾಟಿದ ಮೇಲೆ ಆಟದ ಮಾತನ್ನು ಅವನಾಗಿ ಎತ್ತದ ಹೊರತು ನೀನು ಎತ್ತಬೇಡ. ಅವನು ಎತ್ತಿದರೂ ಅರ್ಧ ಕೇಳಿ ತಿದ್ದುವುದಕ್ಕೆ ಹೋಗಬೇಡ. ಇದು ಹೇಳಿದಷ್ಟು ಸುಲಭವಲ್ಲವೆಂದು ಬಲ್ಲೆ. ನೀನು ಸುಮ್ಮನಿದ್ದರೆ ಸಿಟ್ಟಾಗಿದ್ದೀಯೆಂದು ಅವನು ತಿಳಿದುಕೊಳ್ಳಲೂಬಹುದು, ಆಗ ಏನು ಮಾಡಬೇಕೆಂದು ನನಗೆ ಹೊಳೆಯುತ್ತಿಲ್ಲ.

ತಪ್ಪಿದಾಗ ಏನನ್ನಬೇಕೆಂದು ಕಲಿತುಕೊಂಡರೆ ಪ್ರಯೋಜನವಿದೆ ಎಂಬುದಕ್ಕೆ ಆಧಾರವೂ ಉಂಟು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ ಸ್ವಯಂಸೇವಕ ಕೋಚ್‌ಗಳಿಗೆ ಕೆಲವೇ ಗಂಟೆಗಳ ಒಂದು ಪಾಠ ರೂಪಿಸಿದರು. ಪ್ರಯತ್ನವನ್ನು ಮೆಚ್ಚು, ತಪ್ಪಾದಾಗ ಮೊದಲು ಧೈರ್ಯ ಹೇಳಿ ಆಮೇಲೆ ದಾರಿ ತೋರಿಸು, ಶಿಕ್ಷಿಸಬೇಡ ಎನ್ನುವುದು ಅದರ ತಿರುಳು. 1992ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆ ಪಾಠ ಪಡೆದ ಕೋಚ್‌ಗಳ ಬಳಿ ಆಡಿದ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು ಶೇಕಡ 5, ಪಡೆಯದವರ ಬಳಿ ಆಡಿದವರಲ್ಲಿ ಶೇಕಡ 26. ನಿನ್ನ ತಾತನಿಗೆ ಇಂಥ ಪಾಠವನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಉಳಿದ ಹತ್ತು ಹುಡುಗರಿಗೆ ಅವರದನ್ನು ಅನ್ವಯಿಸಿ ನನ್ನೊಬ್ಬನನ್ನು ಬಿಡುತ್ತಿದ್ದರೆಂಬ ಗುಮಾನಿ ನನಗೆ. ಹನ್ನೊಂದನೆಯವನಿಗೂ ಅದು ಸಲ್ಲಲಿ ಎಂದು ನಿನಗೆ ಹೇಳಿಟ್ಟಿರುತ್ತೇನೆ.

ಆ ಚೀಟಿಯಲ್ಲಿ ನನ್ನ ಹೆಸರು ಕೊನೆಗೇಕೆ ಎಂದು ನಾನು ಅಪ್ಪನನ್ನು ಕೊನೆಯವರೆಗೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಕೇಳಬಹುದಾದ ವರ್ಷಗಳು ಬೇಕಾದಷ್ಟಿದ್ದವು, ನಾವಿಬ್ಬರೂ ಮಾತಿಗೆ ಬಡವರೂ ಆಗಿರಲಿಲ್ಲ. ನನಗೆ ನೋವು ಉಳಿದಿರುವುದು ಅವರ ಕೂಗಾಟದ ಬಗ್ಗೆ ಅಲ್ಲ, ಇದೊಂದರ ಬಗ್ಗೆ. ಅದಕ್ಕೇ ನಿನ್ನ ಪತ್ರದಲ್ಲಿ ನನಗೆ ಕಾಣದೆ ಹೋದ ಒಂದು ಸಾಲನ್ನು ಮತ್ತೆ ಮತ್ತೆ ಹುಡುಕಿದೆ. ಅವನು ‘ಕೋಚ್’ ಎಂದಾಗ ನೀನು ಏನು ಹೇಳಿದೆ? ಏನೂ ಹೇಳದೆ ಎದ್ದು ಹೋಗಿ ನನಗೆ ಪತ್ರ ಬರೆಯಲು ಕುಳಿತೆಯೆಂದು ಕಾಣುತ್ತದೆ. ನನ್ನನ್ನು ಕೇಳಿದ್ದನ್ನು ಅವನನ್ನೇ ಕೇಳು. ನಾನು ತಂಡ ನೋಡಿಕೊಳ್ಳುವುದು ನಿನಗೆ ಇಷ್ಟವೇ, ಯಾವುದು ಹಿಡಿಸುತ್ತಿಲ್ಲ ಎಂದು ಅವನಿಗೆ ತಿಳಿಯುವಂತೆ ಕೇಳು. ಮೊದಲ ಸಲ ‘ಏನಿಲ್ಲ’ ಎಂದೇ ಹೇಳುತ್ತಾನೆ, ಕೆಲವು ದಿನ ಬಿಟ್ಟು ಮತ್ತೆ ಕೇಳು. ಬೇಡವೆಂದರೆ, ಹಿಡಿದ ಹಂಗಾಮನ್ನು ನಡುವೆ ಬಿಡದೆ ಮುಗಿಸಿ, ಮುಂದಿನದನ್ನು ಇನ್ನೊಬ್ಬರಿಗೆ ಒಪ್ಪಿಸು. ಆಮೇಲೂ ಮೈದಾನಕ್ಕೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡ. ಇರಲಿ ಎಂದರೆ ಮುಂದುವರಿಸು, ಮತ್ತೊಂದು ಹಂಗಾಮು ಶುರುವಾಗುವ ಮೊದಲು ಮತ್ತೆ ಕೇಳು.

ಅವನು ಏನೆಂದನೆಂದು ಬರೆ. ಪಂದ್ಯಗಳ ಫಲಿತಾಂಶವನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಗೂ ಹೇಳುತ್ತಾನೆ.

ಇಂತಿ,
ನಿನ್ನ ದೊಡ್ಡಪ್ಪ